ಕಾರ್ಖಾನೆ ಬೆಳೆಯಿತು, ಷೇರುದಾರನಿಗೆ ಏನು ಸಿಕ್ಕಿತು?

2025ರ ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮಾಸ್ತರರ ಫೋನ್ ಬಂತು. ಧಾರವಾಡದ ಕಡೆಯವರು. ದೆಹಲಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಈಗ ಫರೀದಾಬಾದಿನಲ್ಲಿ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಇದ್ದಾರೆ. ಸಾಮಾನ್ಯವಾಗಿ ಅವರು ಫೋನ್ ಮಾಡುವುದು ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳಲು, ಇಲ್ಲವೇ ಊರಿನಿಂದ ಪೇಢೆ ಬಂದಿದೆ ಎಂದು ಹೇಳಲು. ಅವತ್ತು ಹಾಗಿರಲಿಲ್ಲ.

"ಏನಪಾ, ಈ ಕಂಪ್ಯೂಟರ್ ಮಾಡೋ ಕಂಪನಿ ನಮ್ಮ ಬಗಲಾಗ ಅದಂತಲ್ಲ? ಹದಿನೇಳು ನೂರು ಕೋಟಿ ಆರ್ಡರ್ ಬಂದದಂತ. ಎಫ್‌ಡಿ ಮುರಸಿ ಇದರಾಗ ಹಾಕಿದ್ರ ಹ್ಯಾಂಗ?"

ಅವರು ಕೇಳಿದ್ದು ನೆಟ್‌ವೆಬ್ ಟೆಕ್ನಾಲಜೀಸ್ ಬಗ್ಗೆ. ಆ ಎಫ್‌ಡಿಯಲ್ಲಿ ಇದ್ದದ್ದು ಹನ್ನೆರಡು ಲಕ್ಷ. ಅದರಲ್ಲಿ ಒಂದು ಭಾಗ ಅವರ ಮನೆಯವರ ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ, ಉಳಿದದ್ದು ಧಾರವಾಡದ ಹಳೆಯ ಮನೆಗೆ ಹೊಸ ಮಾಡು ಹಾಕಿಸಿ ವಾಪಸ್ ಹೋಗಲಿಕ್ಕೆ. ಇದು ನನಗೆ ಗೊತ್ತಿತ್ತು. ಅದಕ್ಕೇ ಫೋನಿನಲ್ಲಿ ಹೂಂ ಅಥವಾ ಊಹೂಂ ಅನ್ನದೆ, "ಸಂಜೆ ಮನೆಗೆ ಬರ್ತೀನಿ ಮಾಸ್ತರ್ರೇ, ಕೂತು ಲೆಕ್ಕ ಹಾಕೋಣ" ಅಂದೆ.

ನಾನು ಷೇರು ಪಂಡಿತನಲ್ಲ. ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರನೂ ಅಲ್ಲ. ಇಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಕಾಸ್ಟಿಂಗ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕೂಡು-ಕಳೆ ಮಾಡಿಕೊಂಡಿರುವವನು. ನೆಟ್‌ವೆಬ್‌ನ ಒಂದು ಷೇರೂ ನನ್ನ ಬಳಿ ಇಲ್ಲ. ಆದರೆ "ಕಂಪನಿ ವಿಸ್ತರಣೆ ಮಾಡುತ್ತಿದೆ" ಎಂಬ ಸುದ್ದಿ ನಂಬಿ ಕೈ ಸುಟ್ಟುಕೊಂಡ ಅನುಭವ ನನಗಿದೆ. 2000ನೇ ಇಸವಿಯಲ್ಲಿ, ಹೊಸ ಕಾರ್ಖಾನೆ ಕಟ್ಟುತ್ತೇವೆ ಎಂದು ಪೇಪರಿನಲ್ಲಿ ಅರ್ಧ ಪುಟ ಜಾಹೀರಾತು ಕೊಟ್ಟ ಒಂದು ಹಾರ್ಡ್‌ವೇರ್ ಕಂಪನಿಯ ಷೇರಿಗೆ ಮೊದಲ ಎರಡು ವರ್ಷದ ಉಳಿತಾಯವನ್ನೆಲ್ಲ ಸುರಿದಿದ್ದೆ. ಕಾರ್ಖಾನೆ ಕಟ್ಟಿದ್ದು ನಿಜ. ನನ್ನ ದುಡ್ಡು ವಾಪಸ್ ಬರಲಿಲ್ಲ. ಕಂಪನಿ ಬೆಳೆಯುವುದು ಬೇರೆ, ಷೇರುದಾರ ಬೆಳೆಯುವುದು ಬೇರೆ ಎಂದು ಕಲಿತದ್ದು ಆಗಲೇ.

ಆ ಸಂಜೆ ಮಾಸ್ತರರ ಊಟದ ಮೇಜಿನ ಮೇಲೆ ನಾವಿಬ್ಬರೂ ಹಾಕಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ಎಲ್ಲಿದ್ದರೂ ನಮ್ಮವರಿಗೆ ಇಂಥ ಸುದ್ದಿ ವಾಟ್ಸಾಪಿನಲ್ಲಿ ದಿನಾ ಬರುತ್ತಿರುತ್ತದೆ.

ಯಾವ ಕಂಪನಿ ಇದು?

ಕಂಪ್ಯೂಟರ್ ಎಂದರೆ ನಮ್ಮ ಕಣ್ಣಿಗೆ ಬರುವುದು ಮೇಜಿನ ಮೇಲಿನ ಪೆಟ್ಟಿಗೆ, ತೊಡೆಯ ಮೇಲಿನ ಲ್ಯಾಪ್‌ಟಾಪ್. ನೆಟ್‌ವೆಬ್ ಮಾಡುವುದು ಅದನ್ನಲ್ಲ. ಬೀರುವಿನಂಥ ಚೌಕಟ್ಟಿನಲ್ಲಿ ಸಾಲಾಗಿ ಜೋಡಿಸುವ ಸರ್ವರ್‌ಗಳು, ಮಾಹಿತಿ ಕೂಡಿಡುವ ಸ್ಟೋರೇಜ್ ಯಂತ್ರಗಳು, ಸೂಪರ್‌ಕಂಪ್ಯೂಟರುಗಳು ಅದರ ಸರಕು. ಫರೀದಾಬಾದಿನ ಈ ಕಂಪನಿ ಶುರುವಾದದ್ದು 1999ರಲ್ಲಿ, ಸಂಜಯ್ ಲೋಧಾ ಮತ್ತು ಅವರ ಸಹೋದರರಿಂದ. 'ಟೈರೋನ್' ಅದರ ಬ್ರ್ಯಾಂಡ್. ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಇರುವ 'ಐರಾವತ' ಎಂಬ ಎಐ ಸೂಪರ್‌ಕಂಪ್ಯೂಟರ್ 2023ರಲ್ಲಿ ಜಗತ್ತಿನ 500 ದೊಡ್ಡ ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 75ನೇ ಸ್ಥಾನಕ್ಕೆ ಬಂತಲ್ಲ, ಅದನ್ನು ಕಟ್ಟಿಕೊಟ್ಟದ್ದು ಇದೇ ಕಂಪನಿ.

ಅದೇ ವರ್ಷ ಜುಲೈನಲ್ಲಿ ಕಂಪನಿ ಐಪಿಒ ತಂದಿತು. ಷೇರಿಗೆ ₹500ರಂತೆ ಒಟ್ಟು ₹631 ಕೋಟಿ. ಬೇಡಿಕೆ ತೊಂಬತ್ತು ಪಟ್ಟು ಬಂತು. ಪೇಟೆಗೆ ಬಂದ ಮೊದಲ ದಿನವೇ ಬೆಲೆ ₹940 ದಾಟಿತು.

ಅದರ ಹಿಂದೆ ಸರ್ಕಾರದ ಗಾಳಿಯೂ ಇತ್ತು. 2023ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಐಟಿ ಹಾರ್ಡ್‌ವೇರ್‌ಗೆ ₹17,000 ಕೋಟಿಯ ಉತ್ಪಾದನಾ ಪ್ರೋತ್ಸಾಹ ಯೋಜನೆಯ ಎರಡನೇ ಕಂತಿಗೆ ಒಪ್ಪಿಗೆ ಕೊಟ್ಟಿತು. ದೇಶದಲ್ಲಿ ತಯಾರಿಸಿ ಹೆಚ್ಚುವರಿಯಾಗಿ ಮಾರಿದ್ದಕ್ಕೆ ಪ್ರೋತ್ಸಾಹಧನ ಕೊಡುವ ಯೋಜನೆ ಅದು. ನವೆಂಬರಿನಲ್ಲಿ 27 ಕಂಪನಿಗಳಿಗೆ ಅನುಮತಿ ಸಿಕ್ಕಿತು. ನಡುವೆ ಆಗಸ್ಟ್ 3ರಂದು ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಸರ್ವರ್ ಆಮದಿಗೆ ಪರವಾನಗಿ ಕಡ್ಡಾಯ ಎಂಬ ಆದೇಶ ಬಂದು, ಗದ್ದಲವಾಗಿ, ಮರುದಿನವೇ ಮುಂದಕ್ಕೆ ಹೋಯಿತು. ಕೊನೆಗೆ ನವೆಂಬರಿನಿಂದ ಸ್ವಲ್ಪ ಸಡಿಲವಾದ ಆಮದು ನಿಗಾ ವ್ಯವಸ್ಥೆಯಾಗಿ ಜಾರಿಯಾಯಿತು. 2024ರ ಮಾರ್ಚಿನಲ್ಲಿ ಸುಮಾರು ₹10,372 ಕೋಟಿಯ ಇಂಡಿಯಾ ಎಐ ಮಿಷನ್ ಬಂತು. ದೇಶದೊಳಗೆ ಸರ್ವರ್ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಇರಲಿಲ್ಲ.

ಕಂಪನಿಯ ಲೆಕ್ಕವೂ ಅದನ್ನೇ ಹೇಳುತ್ತದೆ. 2022-23ರಲ್ಲಿ ವಹಿವಾಟು ಸುಮಾರು ₹445 ಕೋಟಿ, ನಿವ್ವಳ ಲಾಭ ಸುಮಾರು ₹47 ಕೋಟಿ. ಮರುವರ್ಷ ₹724 ಕೋಟಿ, ₹76 ಕೋಟಿ. 2024-25ರಲ್ಲಿ ₹1,149 ಕೋಟಿ, ₹114 ಕೋಟಿ. 2025ರ ಸೆಪ್ಟೆಂಬರ್ ಮೊದಲ ವಾರ, ಎನ್‌ವಿಡಿಯಾ ಚಿಪ್ ಇರುವ ಎಐ ಸರ್ವರ್‌ಗಳಿಗೆ ₹1,734 ಕೋಟಿಯ ಆರ್ಡರ್ ಬಂದಿದೆ ಎಂದು ಪ್ರಕಟವಾಯಿತು. ಮಾಸ್ತರರು ಕೇಳಿದ್ದು ಇದನ್ನೇ. ಒಂದೇ ಆರ್ಡರ್, ಹಿಂದಿನ ಇಡೀ ವರ್ಷದ ವಹಿವಾಟಿನ ಒಂದೂವರೆ ಪಟ್ಟು. ಷೇರು ಆ ತಿಂಗಳೇ ₹3,000 ದಾಟಿತು.

"ಇಷ್ಟು ಚಲೋ ಕಂಪನಿ ಅದ ಅಂದ್ರ, ಹಾಕಲಿಕ್ಕೆ ಏನಡ್ಡಿ?" ಅಂದರು ಮಾಸ್ತರರು. ಕಂಪನಿ ಚೆನ್ನಾಗಿದೆ ಎನ್ನುವುದರಲ್ಲಿ ನನಗೂ ಅನುಮಾನವಿರಲಿಲ್ಲ. ಲೆಕ್ಕ ಶುರುವಾಗುವುದು ಅದರ ಮುಂದೆ.

ದುಡ್ಡು ಗೋಡೆಗೆ ಹೋಗುವುದಿಲ್ಲ

ವಿಸ್ತರಣೆ ಎಂದ ಕೂಡಲೇ ನಾವು ಇಟ್ಟಿಗೆ, ಸಿಮೆಂಟು, ಯಂತ್ರ ಎಂದುಕೊಳ್ಳುತ್ತೇವೆ. ಐಪಿಒ ದಾಖಲೆಯಲ್ಲಿ ಏನಿತ್ತು ನೋಡಿ. ಜನ ಕೊಟ್ಟ ₹631 ಕೋಟಿಯಲ್ಲಿ ₹425 ಕೋಟಿ ಕಂಪನಿಗೆ ಬರಲೇ ಇಲ್ಲ. ಅದು ತಮ್ಮ ಪಾಲಿನ ಷೇರು ಮಾರಿದ ಹಳೆಯ ಷೇರುದಾರರಿಗೆ ಹೋಯಿತು. ಇದರಲ್ಲಿ ತಪ್ಪೇನೂ ಇಲ್ಲ, ಹಲವು ಐಪಿಒಗಳಲ್ಲಿ ನಡೆಯುವಂಥದ್ದೇ. ಆದರೆ "ವಿಸ್ತರಣೆಗೆ ₹631 ಕೋಟಿ ಎತ್ತಿದರು" ಎಂದು ಯಾರಾದರೂ ಹೇಳಿದರೆ ಅದು ನಿಜವಲ್ಲ.

ಕಂಪನಿಗೆ ಬಂದದ್ದು ₹206 ಕೋಟಿ. ಅದರಲ್ಲಿ ಕಟ್ಟಡ ಮತ್ತು ಹೊಸ ಎಸ್‌ಎಂಟಿ ಲೈನಿಗೆ, ಅಂದರೆ ಬೋರ್ಡಿನ ಮೇಲೆ ಸಾಸಿವೆ ಕಾಳಿನಂಥ ಬಿಡಿಭಾಗಗಳನ್ನು ಕೂರಿಸಿ ಬೆಸೆಯುವ ಯಂತ್ರಸಾಲಿಗೆ, ಇಟ್ಟದ್ದು ಸುಮಾರು ₹33 ಕೋಟಿ. ಸಾಲ ತೀರಿಸಲು ಸುಮಾರು ₹22 ಕೋಟಿ. ಎಲ್ಲಕ್ಕಿಂತ ದೊಡ್ಡ ಪಾಲು, ಸುಮಾರು ₹128 ಕೋಟಿ, ದುಡಿಯುವ ಬಂಡವಾಳಕ್ಕೆ.

ದುಡಿಯುವ ಬಂಡವಾಳ ಅಂದರೇನು? ನಮ್ಮೂರ ಮದುವೆಯ ಅಡುಗೆ ಕಂಟ್ರ್ಯಾಕ್ಟರರನ್ನು ನೆನಪು ಮಾಡಿಕೊಳ್ಳಿ. ಸಾವಿರ ಜನರ ಊಟ ಒಪ್ಪಿಕೊಂಡರೆ ಅಕ್ಕಿ, ಬೇಳೆ, ತುಪ್ಪ, ಗೋಡಂಬಿ ಎಲ್ಲ ಮೊದಲೇ ದುಡ್ಡು ಕೊಟ್ಟು ತರಬೇಕು. ಮದುವೆ ಮನೆಯವರು ಲೆಕ್ಕ ಚುಕ್ತಾ ಮಾಡುವುದು ಬೀಗರನ್ನು ಕಳಿಸಿದ ಮೇಲೆ, ಕೆಲವೊಮ್ಮೆ ತಿಂಗಳು ಕಳೆದ ಮೇಲೆ. ಈ ನಡುವಿನ ದಿನಗಳಲ್ಲಿ ಸಿಕ್ಕಿಕೊಂಡಿರುವ ದುಡ್ಡೇ ದುಡಿಯುವ ಬಂಡವಾಳ. ಇನ್ನೂರು ಜನರ ಊಟ ಮಾಡುತ್ತಿದ್ದವನು ಸಾವಿರ ಜನರ ಊಟ ಹಿಡಿದರೆ ಒಲೆ ಎರಡು ಹೆಚ್ಚಾದರೆ ಸಾಕು. ಸಾಮಾನಿಗೆ ಕಟ್ಟಬೇಕಾದ ದುಡ್ಡು ಮಾತ್ರ ಐದು ಪಟ್ಟು.

ಎಐ ಸರ್ವರಿನಲ್ಲಿ ಗೋಡಂಬಿ ಎಂದರೆ ಎನ್‌ವಿಡಿಯಾದ ಚಿಪ್. ಇಡೀ ಯಂತ್ರದ ಖರ್ಚಿನಲ್ಲಿ ಸಿಂಹಪಾಲು ಅದರದ್ದೇ. ಅದನ್ನು ಕಂಪನಿ ತಾನು ಮಾಡುವುದಿಲ್ಲ, ಕೊಂಡು ತರಬೇಕು. ಇತ್ತ ಗಿರಾಕಿಗಳಲ್ಲಿ ಸರ್ಕಾರಿ ಸಂಸ್ಥೆ, ಸಂಶೋಧನಾ ಕೇಂದ್ರ, ದೊಡ್ಡ ಕಂಪನಿಗಳೇ ಹೆಚ್ಚು. ಅವರ ಬಿಲ್ಲು ನಿಧಾನ. ಹೀಗಾಗಿ ಆರ್ಡರ್ ದೊಡ್ಡದಾದಷ್ಟೂ ಕಂಪನಿಗೆ ದುಡ್ಡಿನ ಹಸಿವು ದೊಡ್ಡದಾಗುತ್ತದೆ. ಅದನ್ನು ಸಾಲದಿಂದ ತುಂಬಿದರೆ ಬಡ್ಡಿ ಲಾಭವನ್ನು ತಿನ್ನುತ್ತದೆ. ಹೊಸ ಷೇರು ಹೊರಡಿಸಿ ತುಂಬಿದರೆ ಹಳೆಯ ಷೇರುದಾರನ ಪಾಲು ತೆಳುವಾಗುತ್ತದೆ. ಗಿರಾಕಿಯಿಂದ ಮುಂಗಡ ಸಿಕ್ಕರೆ ಪುಣ್ಯ.

ಹಾಗಾಗಿ ವಿಸ್ತರಣೆಯ ಸುದ್ದಿ ಓದಿದಾಗ ಮೊದಲ ಪ್ರಶ್ನೆ: ದುಡ್ಡು ಎಲ್ಲಿಂದ? ಉತ್ತರ ವಾರ್ಷಿಕ ವರದಿಯ ನಗದು ಹರಿವಿನ ಪುಟದಲ್ಲಿ ಇರುತ್ತದೆ. ಲಾಭ ₹100 ತೋರಿಸಿ, ವ್ಯವಹಾರದಿಂದ ಬಂದ ನಗದು ಹಲವು ವರ್ಷ ₹20ರಷ್ಟೇ ಇದ್ದರೆ, ಉಳಿದ ₹80 ಗೋದಾಮಿನಲ್ಲೋ ಗಿರಾಕಿಯ ಬಾಕಿಯಲ್ಲೋ ಕೂತಿದೆ ಎಂದರ್ಥ.

ಇದೇ ಕಸುಬಿನ ಅಮೆರಿಕದ ಅಣ್ಣ

ಎರಡನೇ ಪ್ರಶ್ನೆಗೆ ಮಾಸ್ತರರಿಗೆ ಒಂದು ಉದಾಹರಣೆ ತೋರಿಸಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಸೂಪರ್ ಮೈಕ್ರೋ ಕಂಪ್ಯೂಟರ್ ಎಂಬ ಕಂಪನಿ ಇದೆ. ತೈವಾನ್ ಮೂಲದ ಚಾರ್ಲ್ಸ್ ಲಿಯಾಂಗ್ 1993ರಲ್ಲಿ ಕಟ್ಟಿದ್ದು. ನೆಟ್‌ವೆಬ್ ಮಾಡುವ ಕೆಲಸವನ್ನೇ ಅದು ಎಷ್ಟೋ ಪಟ್ಟು ದೊಡ್ಡದಾಗಿ ಮಾಡುತ್ತದೆ: ಎನ್‌ವಿಡಿಯಾ ಚಿಪ್ ಕೊಂಡು ಎಐ ಸರ್ವರ್ ಕಟ್ಟಿ ಮಾರುವುದು.

ಚಾಟ್‌ಜಿಪಿಟಿ ಬಂದ ಮೇಲೆ ಈ ಕಂಪನಿಗೆ ಆರ್ಡರಿನ ಮಳೆ ಸುರಿಯಿತು. ಅಮೆರಿಕದಲ್ಲಿ ಹೊಸ ಜಾಗ, ಮಲೇಷ್ಯಾದಲ್ಲಿ ಹೊಸ ಕಾರ್ಖಾನೆ. 2023ರ ಜೂನಿಗೆ ಮುಗಿದ ವರ್ಷದಲ್ಲಿ ವಹಿವಾಟು ಸುಮಾರು 710 ಕೋಟಿ ಡಾಲರ್. ಮರುವರ್ಷ ಸುಮಾರು 1,500 ಕೋಟಿ. ಅದರ ಮರುವರ್ಷ, 2025ರ ಜೂನಿಗೆ, ಸುಮಾರು 2,200 ಕೋಟಿ. ಎರಡೇ ವರ್ಷದಲ್ಲಿ ಮೂರು ಪಟ್ಟು. ವಿಸ್ತರಣೆ ಎಂದರೆ ಇದಪ್ಪಾ ಅನ್ನಬೇಕು.

ಈಗ ಲಾಭ ನೋಡಿ. ಮೊದಲ ವರ್ಷ ಸುಮಾರು 64 ಕೋಟಿ ಡಾಲರ್, ಎರಡನೇ ವರ್ಷ ಸುಮಾರು 115 ಕೋಟಿ, ಮೂರನೇ ವರ್ಷ ಸುಮಾರು 105 ಕೋಟಿ. ಮೂರನೇ ವರ್ಷ ವ್ಯಾಪಾರ ಶೇ 47ರಷ್ಟು ಏರಿತು, ಲಾಭ ಇಳಿಯಿತು. ಮಾಸ್ತರರು ಪೆನ್ಸಿಲ್ ತೆಗೆದುಕೊಂಡು ತಾವೇ ಭಾಗಾಕಾರ ಮಾಡಿದರು. ನೂರು ಡಾಲರ್ ಮಾರಿದರೆ ಮೊದಲ ವರ್ಷ ಒಂಬತ್ತು ಡಾಲರ್ ಉಳಿದಿತ್ತು. ಆಮೇಲೆ ಎಂಟರ ಹತ್ತಿರ. ಆಮೇಲೆ ಐದಕ್ಕೂ ಕಡಿಮೆ.

ಏಕೆ ಹೀಗೆ? ಡೆಲ್, ಎಚ್‌ಪಿ ಎಂಟರ್‌ಪ್ರೈಸ್‌ನಂಥ ದೊಡ್ಡವರು ಅದೇ ಕಣಕ್ಕೆ ಇಳಿದರು. ದೊಡ್ಡ ದೊಡ್ಡ ಗಿರಾಕಿಗಳು ಚೌಕಾಸಿ ಮಾಡಿದರು. ಚಿಪ್ಪಿನ ಬೆಲೆ ನಿಗದಿ ಮಾಡುವುದು ಎನ್‌ವಿಡಿಯಾ, ಅದು ಇಳಿಸುವುದಿಲ್ಲ. ನಡುವೆ ಇರುವ ಜೋಡಣೆಗಾರನ ಮಾರ್ಜಿನ್ ಎರಡೂ ಕಡೆಯಿಂದ ಹಿಂಡಿಹೋಯಿತು. 2023-24ರಲ್ಲಿ ಲಾಭ 115 ಕೋಟಿ ಡಾಲರ್ ಎಂದು ಪುಸ್ತಕದಲ್ಲಿ ಇದ್ದಾಗ, ವ್ಯವಹಾರದಿಂದ ನಗದು ಬರುವ ಬದಲು ಸುಮಾರು 250 ಕೋಟಿ ಡಾಲರ್ ಹೊರಗೆ ಹೋಗಿತ್ತು. ಮದುವೆ ಊಟದ ಸಾಮಾನಿನ ಲೆಕ್ಕವೇ ಇದೂ.

ಷೇರುದಾರರ ಪಾಡು ಏನಾಯಿತು? 2024ರ ಮಾರ್ಚಿನಲ್ಲಿ ಕಂಪನಿ ಎಸ್‌ ಅಂಡ್‌ ಪಿ 500 ಸೂಚ್ಯಂಕಕ್ಕೆ ಸೇರಿತು. ಷೇರು ಶಿಖರ ಮುಟ್ಟಿದ್ದು ಅದೇ ತಿಂಗಳು. ಆಗಸ್ಟಿನಲ್ಲಿ ಹಿಂಡನ್‌ಬರ್ಗ್ ಸಂಸ್ಥೆ ಲೆಕ್ಕಪತ್ರದ ಮೇಲೆ ಆಪಾದನೆ ಹೊರಿಸಿ ವರದಿ ತಂದಿತು. ಮರುದಿನವೇ ಕಂಪನಿ ವಾರ್ಷಿಕ ವರದಿ ತಡವಾಗುತ್ತದೆ ಎಂದಿತು. ಅಕ್ಟೋಬರಿನಲ್ಲಿ ಲೆಕ್ಕಪರಿಶೋಧಕರಾದ ಅರ್ನ್‌ಸ್ಟ್ ಅಂಡ್ ಯಂಗ್ ರಾಜೀನಾಮೆ ಕೊಟ್ಟ ಸುದ್ದಿ ಹೊರಬಿದ್ದ ದಿನ ಷೇರು ಮೂರನೇ ಒಂದು ಭಾಗ ಕುಸಿಯಿತು. ಕಂಪನಿ ನೇಮಿಸಿದ ವಿಶೇಷ ಸಮಿತಿ ವಂಚನೆಯ ಪುರಾವೆ ಸಿಗಲಿಲ್ಲ ಎಂದಿತು, ಹೊಸ ಪರಿಶೋಧಕರು ಬಂದರು, 2025ರ ಫೆಬ್ರುವರಿಯಲ್ಲಿ ವರದಿಯೂ ಸಲ್ಲಿಕೆಯಾಯಿತು. ಆದರೆ ಶಿಖರದಲ್ಲಿ ಕೊಂಡವನಿಗೆ ಆ ಬೆಲೆ 2025 ಪೂರ್ತಿ ಮತ್ತೆ ಕಾಣಲಿಲ್ಲ. ಅಷ್ಟರಲ್ಲಿ ಕಂಪನಿಯ ವಹಿವಾಟು ಮಾತ್ರ ಏರುತ್ತಲೇ ಇತ್ತು.

ನೆಟ್‌ವೆಬ್‌ಗೆ ಹೀಗೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮೂರು ವರ್ಷದಲ್ಲಿ ಅದರ ವಹಿವಾಟು ಎರಡೂವರೆ ಪಟ್ಟಾದರೂ ನೂರಕ್ಕೆ ಹತ್ತು ರೂಪಾಯಿಯ ಆಸುಪಾಸಿನ ಲಾಭವನ್ನು ಅದು ಕಾಪಾಡಿಕೊಂಡಿದೆ. ಇದು ಮೆಚ್ಚಬೇಕಾದ ಮಾತು. ಆದರೆ ₹1,734 ಕೋಟಿಯ ಆರ್ಡರಿನಲ್ಲಿ ನೂರಕ್ಕೆ ಹತ್ತು ಉಳಿದರೆ ₹173 ಕೋಟಿ, ಐದು ಉಳಿದರೆ ₹87 ಕೋಟಿ. ಸುದ್ದಿಯ ತಲೆಬರಹದಲ್ಲಿ ಇರುವುದು 1,734 ಎಂಬ ಅಂಕಿ ಮಾತ್ರ. ಷೇರುದಾರನಿಗೆ ಸಂಬಂಧಿಸಿದ ಅಂಕಿ ಅದಲ್ಲ. ಹಾಗಾಗಿ ಎರಡನೇ ಪ್ರಶ್ನೆ: ವ್ಯಾಪಾರ ಹೆಚ್ಚಾದಾಗ ನೂರಕ್ಕೆ ಉಳಿಯುವುದು ಏರುತ್ತಿದೆಯೋ, ಇಳಿಯುತ್ತಿದೆಯೋ?

ಬೆಲೆ ಎಂಬ ಮೂರನೇ ಪ್ರಶ್ನೆ

ಇಲ್ಲಿ ಮಾಸ್ತರರ ಗಣಿತ ನನಗಿಂತ ಚುರುಕಾಗಿತ್ತು. ಕಂಪನಿಯ ಒಟ್ಟು ಷೇರು ಸುಮಾರು 5.66 ಕೋಟಿ. ₹3,000ರಂತೆ ಇಡೀ ಕಂಪನಿಯ ಬೆಲೆ ಸುಮಾರು ₹17,000 ಕೋಟಿ. ಒಂದು ವರ್ಷದ ಲಾಭ ₹114 ಕೋಟಿ. ಭಾಗಿಸಿದರೆ ಹತ್ತಿರ ಹತ್ತಿರ 150.

"ಅಂದ್ರ, ಇದ ಲಾಭ ಹಿಂಗ ಇದ್ರ, ನನ್ನ ರೊಕ್ಕ ವಾಪಸ್ ಬರಲಿಕ್ಕೆ ನೂರೈವತ್ತು ವರ್ಷ!" ಎಂದು ಅವರೇ ನಕ್ಕರು. ಇನ್ನೊಂದು ರೀತಿ ಹೇಳಿದರೆ, ನೂರು ರೂಪಾಯಿ ಹಾಕಿದವನ ಪಾಲಿಗೆ ಆಗ ಬರುತ್ತಿದ್ದ ವಾರ್ಷಿಕ ಲಾಭ 67 ಪೈಸೆ.

ಖಂಡಿತ ಲಾಭ ಹೀಗೇ ನಿಲ್ಲುವುದಿಲ್ಲ, ಬೆಳೆಯುತ್ತದೆ. ಬೆಳೆಯಲಿ. ಪ್ರತಿ ವರ್ಷ ಶೇ 50ರಂತೆ ನಾಲ್ಕು ವರ್ಷ ಬಿಡದೆ ಬೆಳೆದರೆ ಲಾಭ ಐದು ಪಟ್ಟಾಗಿ ₹570 ಕೋಟಿ ಮುಟ್ಟುತ್ತದೆ. ಆಗಲೂ ಷೇರು ಬೆಲೆ ₹3,000ದಲ್ಲೇ ನಿಂತಿದ್ದರೆ ಅದು ಲಾಭದ 30 ಪಟ್ಟು. ಚೆನ್ನಾಗಿ ನಡೆಯುವ ಒಂದು ತಯಾರಿಕಾ ಕಂಪನಿಗೆ ಅದೇನೂ ಅಗ್ಗದ ಬೆಲೆಯಲ್ಲ. ಅಂದರೆ ಕಂಪನಿ ನಾಲ್ಕು ವರ್ಷ ಅದ್ಭುತವಾಗಿ ಬೆಳೆದೂ ಷೇರುದಾರನಿಗೆ ಏನೂ ಸಿಗದಿರುವುದು ಸಾಧ್ಯ. ಏಕೆಂದರೆ ಆ ನಾಲ್ಕು ವರ್ಷದ ಬೆಳವಣಿಗೆಗೆ ಅವನು ಇವತ್ತೇ ದುಡ್ಡು ಕೊಟ್ಟುಬಿಟ್ಟಿದ್ದಾನೆ. ಅದಕ್ಕಿಂತ ವೇಗವಾಗಿ ಬೆಳೆದರೆ ಮಾತ್ರ ಲಾಭ. ಅದಕ್ಕಿಂತ ನಿಧಾನವಾದರೆ, ಕಂಪನಿ ಬೆಳೆಯುತ್ತಿದ್ದರೂ ನಷ್ಟ.

ಇದು ಬರೀ ಊಹೆಯಲ್ಲ. 2024ರ ಕೊನೆಯ ತಿಂಗಳುಗಳಲ್ಲೂ ಇದೇ ಷೇರು ₹3,000ದ ಹತ್ತಿರ ಹೋಗಿತ್ತು. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ಎಐ ಚಿಪ್ಪುಗಳ ರಫ್ತಿಗೆ ದೇಶವಾರು ಮಿತಿ ಹಾಕುವ ನಿಯಮ ಪ್ರಕಟಿಸಿತು. ಭಾರತ ಮಿತಿ ಇರುವ ದೇಶಗಳ ಗುಂಪಿನಲ್ಲಿತ್ತು. ಅದೇ ತಿಂಗಳ ಕೊನೆಗೆ ಚೀನಾದ ಡೀಪ್‌ಸೀಕ್ ಬಂದು, ಎಐಗೆ ಇಷ್ಟೊಂದು ಚಿಪ್ ಬೇಕೇ ಎಂಬ ಅನುಮಾನ ಹುಟ್ಟಿಸಿತು. ಏಪ್ರಿಲ್ ಹೊತ್ತಿಗೆ ಷೇರು ₹1,300ರ ಆಸುಪಾಸಿಗೆ ಬಿದ್ದಿತ್ತು. ಮೇ ತಿಂಗಳಲ್ಲಿ ಅಮೆರಿಕ ಆ ನಿಯಮವನ್ನು ಹಿಂದಕ್ಕೆ ಪಡೆಯಿತು, ಷೇರು ಮತ್ತೆ ಮೇಲೆದ್ದಿತು. ಈ ಅವಧಿಯಲ್ಲಿ ಫರೀದಾಬಾದಿನ ಕಾರ್ಖಾನೆಯಲ್ಲಿ ಒಂದು ಯಂತ್ರವೂ ಕೆಟ್ಟಿರಲಿಲ್ಲ. ಕೆಟ್ಟದ್ದು ವಾಷಿಂಗ್ಟನ್ನಿನ ಒಂದು ಕಾಗದದಿಂದ. ಮುಖ್ಯ ಕಚ್ಚಾ ಸರಕು ಒಂದೇ ದೇಶದ ಒಂದೇ ಕಂಪನಿಯಿಂದ ಬರುವಾಗ ಈ ಅಪಾಯ ಇದ್ದೇ ಇರುತ್ತದೆ. ಆ ಏಪ್ರಿಲ್‌ನಲ್ಲಿ ಆಸ್ಪತ್ರೆಗೆ ದುಡ್ಡು ಕಟ್ಟಬೇಕಾಗಿ ಬಂದಿದ್ದರೆ, ಹನ್ನೆರಡು ಲಕ್ಷ ಐದೂಕಾಲು ಲಕ್ಷವಾಗಿರುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಕಾಕು, "ಅಂದ್ರ ಒಂದ ಮೊಣಕಾಲಿಗೆ ಸಾಲತಿತ್ತು ಬಿಡ್ರಿ" ಅಂದರು. ಮಾಸ್ತರರು ನಗಲಿಲ್ಲ.

ಹಳೆಯ ಪಾಠ: ಎಚ್‌ಸಿಎಲ್ ಮತ್ತು ವಿಪ್ರೋ

ಕಂಪ್ಯೂಟರ್ ತಯಾರಿಕೆಯ ಕನಸು ನಮ್ಮ ದೇಶಕ್ಕೆ ಹೊಸದಲ್ಲ. 1976ರಲ್ಲಿ ಶಿವ ನಾಡಾರ್ ಮತ್ತು ಗೆಳೆಯರು ಎಚ್‌ಸಿಎಲ್ ಕಟ್ಟಿದರು. ಅದರ ಹಾರ್ಡ್‌ವೇರ್ ಕುಡಿಯಾದ ಎಚ್‌ಸಿಎಲ್ ಇನ್ಫೋಸಿಸ್ಟಮ್ಸ್ ಒಂದು ಕಾಲಕ್ಕೆ ದೇಶದ ಅತಿ ದೊಡ್ಡ ಪಿಸಿ ತಯಾರಕರಲ್ಲಿ ಒಂದು. ಪುದುಚೇರಿಯಲ್ಲಿ, ಉತ್ತರಾಖಂಡದ ರುದ್ರಪುರದಲ್ಲಿ ಕಾರ್ಖಾನೆ. ವಹಿವಾಟು ಹತ್ತು ಸಾವಿರ ಕೋಟಿ ರೂಪಾಯಿ ದಾಟಿತ್ತು. ಆದರೆ ಆ ವಹಿವಾಟಿನ ದೊಡ್ಡ ಪಾಲು ನೋಕಿಯಾ ಫೋನುಗಳ ವಿತರಣೆಯಿಂದ ಬರುತ್ತಿತ್ತು. ನೋಕಿಯಾ ಮುಗ್ಗರಿಸಿತು, ಪಿಸಿಯಲ್ಲಿ ವಿದೇಶಿ ಬ್ರ್ಯಾಂಡುಗಳ ಪೈಪೋಟಿ ಹೆಚ್ಚಿತು. 2013ರಲ್ಲಿ ಕಂಪನಿ ಪಿಸಿ ತಯಾರಿಕೆ ನಿಲ್ಲಿಸಿತು. ಇನ್ನೂರು ರೂಪಾಯಿ ದಾಟಿದ್ದ ಷೇರು ಮುಂದಿನ ವರ್ಷಗಳಲ್ಲಿ ಹತ್ತರ ಆಸುಪಾಸಿಗೆ ಇಳಿಯಿತು.

ವಿಪ್ರೋ ಕೂಡ ಎಂಬತ್ತರ ದಶಕದಲ್ಲಿ ಮೈಸೂರಿನಲ್ಲಿ ಕಂಪ್ಯೂಟರ್ ಮಾಡುತ್ತಿತ್ತು. ಅದೂ 2013ರಲ್ಲೇ ಪಿಸಿ ತಯಾರಿಕೆ ಕೈಬಿಟ್ಟಿತು. ಆದರೆ ವಿಪ್ರೋ ಷೇರುದಾರರು ಶ್ರೀಮಂತರಾದರು. ಕಾರಣ ಕಂಪ್ಯೂಟರ್ ಪೆಟ್ಟಿಗೆಯಲ್ಲ. ಪೆಟ್ಟಿಗೆ ಮಾರುತ್ತಾ ಕಲಿತ ವಿದ್ಯೆಯಿಂದ ಕಟ್ಟಿದ ಸಾಫ್ಟ್‌ವೇರ್ ಸೇವೆ. ಅಲ್ಲಿ ಚಿಪ್ ಕೊಳ್ಳುವ ಖರ್ಚಿಲ್ಲ, ಗೋದಾಮಿಲ್ಲ, ಉಳಿಯುವುದು ಹೆಚ್ಚು.

ಹಾಗಾಗಿ ನಾಲ್ಕನೇ ಪ್ರಶ್ನೆ: ಈ ವ್ಯಾಪಾರದಲ್ಲಿ ಕಂಪನಿಯದ್ದೇ ಆದದ್ದು ಎಷ್ಟು? ಬೇರೆಯವರ ಸರಕನ್ನು ಜೋಡಿಸಿ ಅಥವಾ ಹಂಚಿ ಬರುವ ವಹಿವಾಟು ನೋಡಲು ದೊಡ್ಡದು, ಹೋಗುವಾಗ ಒಂದೇ ಸಲ ಹೋಗುತ್ತದೆ. ಸ್ವಂತ ವಿನ್ಯಾಸ, ಸ್ವಂತ ಬೋರ್ಡು, ಸ್ವಂತ ಸಾಫ್ಟ್‌ವೇರ್, ಬಿಟ್ಟು ಹೋಗದ ಹಲವು ಗಿರಾಕಿಗಳು ಇದ್ದರೆ ಕಥೆ ಬೇರೆ. ನೆಟ್‌ವೆಬ್ ತನ್ನ ಬೋರ್ಡುಗಳ ವಿನ್ಯಾಸವನ್ನೂ ಯಂತ್ರ ನಡೆಸುವ ಸಾಫ್ಟ್‌ವೇರನ್ನೂ ತಾನೇ ಮಾಡುತ್ತೇನೆ ಎನ್ನುತ್ತದೆ. ನೂರಕ್ಕೆ ಹತ್ತು ಉಳಿಯಲು ಅದೂ ಒಂದು ಕಾರಣ ಇರಬೇಕು. ದೊಡ್ಡ ಎಐ ಆರ್ಡರ್‌ಗಳು ಬಂದ ಮೇಲೂ ಈ ಹತ್ತು ಉಳಿದರೆ ನಂಬಿಕೆ ಗಟ್ಟಿಯಾಗುತ್ತದೆ. ಆ ₹1,734 ಕೋಟಿಯ ಸರಕು ಪೂರೈಕೆಯಾಗಬೇಕಾದದ್ದು 2026ರಲ್ಲಿ. ಆ ತ್ರೈಮಾಸಿಕಗಳ ಫಲಿತಾಂಶದಲ್ಲಿ ನೋಡಬೇಕಾದದ್ದು ವಹಿವಾಟಿನ ಸಾಲನ್ನಲ್ಲ, ಕೆಳಗಿನ ಲಾಭದ ಸಾಲನ್ನು, ಅದರ ಜೊತೆಗೆ ಬಾಕಿ ವಸೂಲಿಯ ಸಾಲನ್ನು. ಅಂಥ ಆರ್ಡರ್ ಮರುವರ್ಷ ಮತ್ತೆ ಬರುತ್ತದೆಯೇ ಎಂಬುದನ್ನೂ ನೋಡಬೇಕು. ಬಾರದಿದ್ದರೆ ಒಂದು ವರ್ಷ ಉಬ್ಬಿ ಮರುವರ್ಷ ಇಳಿಯುತ್ತದೆ. ಪೇಟೆ ಅದನ್ನು ಕ್ಷಮಿಸುವುದಿಲ್ಲ.

ಮೇಜಿನ ಮೇಲೆ ಉಳಿದ ಚೀಟಿ

ಅವತ್ತು ಮಾಸ್ತರರು ಒಂದು ಚೀಟಿಯಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಂಡರು. ದುಡ್ಡು ಎಲ್ಲಿಂದ? ನೂರಕ್ಕೆ ಎಷ್ಟು ಉಳೀತದ? ಇವತ್ತಿನ ಬೆಲಿಯೊಳಗ ನಾಳಿನ ಎಷ್ಟು ವರ್ಷ ಸೇರ್ಯಾವ? ಕಂಪನಿದು ತನ್ನದು ಅನ್ನೂದು ಏನದ? ಯಾವ ಕಂಪನಿಯ ವಿಸ್ತರಣೆಯ ಸುದ್ದಿಗೂ ಈ ಚೀಟಿ ಸಾಕು. ಉತ್ತರಗಳೆಲ್ಲ ವಾರ್ಷಿಕ ವರದಿಯಲ್ಲಿ ಇರುತ್ತವೆ, ಷೇರುಪೇಟೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಐದನೆಯ ಪ್ರಶ್ನೆಯನ್ನು ನಾನು ಬಾಯಲ್ಲೇ ಕೇಳಿದೆ: "ಮಾಸ್ತರ್ರೇ, ಈ ದುಡ್ಡು ಯಾವಾಗ ಬೇಕು?" ಅದು ಕಂಪನಿಯ ಪ್ರಶ್ನೆಯಲ್ಲ, ನಮ್ಮ ಪ್ರಶ್ನೆ. ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾರ್ಚಿನಲ್ಲಿ. ಮನೆಯ ಮಾಡು ಮಳೆಗಾಲದ ಮೊದಲು. ತಾರೀಖು ಇರುವ ದುಡ್ಡು ಷೇರಿನಲ್ಲಿ ಇರಬಾರದು. ಕಂಪನಿ ಎಷ್ಟೇ ಒಳ್ಳೆಯದಿರಲಿ, ಪೇಟೆಗೆ ನಮ್ಮ ತಾರೀಖು ಗೊತ್ತಿಲ್ಲ. ನೆಟ್‌ವೆಬ್ ಮುಂದೆ ₹5,000 ಆಗಬಹುದು, ₹1,500 ಆಗಬಹುದು. ಎರಡಕ್ಕೂ ಕಾದು ಕೂರಬಲ್ಲವನು ಕೊಳ್ಳಲಿ. ಕಾಯಲಾಗದವನಿಗೆ ಇದು ವ್ಯಾಪಾರವಲ್ಲ, ಜೂಜು.

ಎಫ್‌ಡಿ ಮುರಿಯಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಫೋನ್ ಬಂತು. ಪಿಂಚಣಿಯಲ್ಲಿ ಉಳಿದ ದುಡ್ಡಿನಿಂದ ಐದೇ ಐದು ಷೇರು ತೆಗೆದುಕೊಂಡಿದ್ದೇನೆ ಅಂದರು. ಅಷ್ಟೊತ್ತಿಗೆ ಕಂಪನಿಯ ವಾರ್ಷಿಕ ವರದಿಯನ್ನು ಮೊಮ್ಮಗನ ಕೈಲಿ ಪ್ರಿಂಟ್ ತೆಗೆಸಿ, ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಾ ಓದುತ್ತಿದ್ದರಂತೆ.

"ಮಾಸ್ತರ್ರೇ, ಲಾಭ ಬರ್ತದೋ ಇಲ್ಲೋ ಗೊತ್ತಿಲ್ಲ ಮತ್ತೆ" ಅಂದೆ.

"ಇರಲಿ ಬಿಡಪಾ. ಮೂವತ್ತು ವರ್ಷ ಮಂದಿ ಮಕ್ಕಳ ಉತ್ತರಪತ್ರಿಕಿ ತಿದ್ದೀನಿ. ಈಗ ಒಂದು ಕಂಪನಿದು ತಿದ್ದತೀನಿ. ಪಾಸೋ ನಪಾಸೋ, ಮೂರು ತಿಂಗಳಿಗೊಮ್ಮೆ ಗೊತ್ತಾಗತದಲ್ಲ."

ಕಾಕು ಹಿಂದಿನಿಂದ ಏನೋ ಹೇಳಿದರು, ಸರಿಯಾಗಿ ಕೇಳಿಸಲಿಲ್ಲ. ಮಾರ್ಚಿನ ತಾರೀಖು ಆಸ್ಪತ್ರೆಯವರು ಖಚಿತ ಮಾಡಿದ್ದಾರೆ ಎಂದಷ್ಟೇ ಮಾಸ್ತರರು ತಿಳಿಸಿದರು.